ಒಂದೇ ಪೋರ್ಟ್, ಮೂರು ಆ್ಯಪ್: ಎಂಜಿನ್‌ಎಕ್ಸ್‌ನಲ್ಲಿ ದಾರಿ ಹಂಚುವ ಬಗೆ

ಬಾಡಿಗೆಗೆ ಪಡೆದ ಒಂದು ಉಬುಂಟು ಸರ್ವರ್, ಅದಕ್ಕೊಂದೇ ಐಪಿ ವಿಳಾಸ. ಅದರಲ್ಲಿ ಜಾಂಗೊ ವೆಬ್‌ಸೈಟ್, ನೋಡ್‌ನಲ್ಲಿ ಬರೆದ ಚಾಟ್, ಗ್ರಾಫಾನಾ ಡ್ಯಾಶ್‌ಬೋರ್ಡ್ ಮೂರೂ ಓಡಬೇಕು. ಆದರೆ ಬ್ರೌಸರ್ ಬಂದು ತಟ್ಟುವುದು ಎಚ್‌ಟಿಟಿಪಿಎಸ್‌ನ ಬಾಗಿಲಾದ 443ನೇ ಪೋರ್ಟ್ ಒಂದನ್ನೇ. ಆ ಪೋರ್ಟನ್ನು ಒಂದು ಪ್ರೋಗ್ರಾಂ ಹಿಡಿದರೆ ಇನ್ನೊಂದಕ್ಕೆ ಅದು ಸಿಗುವುದಿಲ್ಲ. ಆದ್ದರಿಂದ 80 (ಎಚ್‌ಟಿಟಿಪಿಯ ಪೋರ್ಟ್) ಮತ್ತು 443ನ್ನು ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಪ್ರೋಗ್ರಾಂಗೆ ಬಿಟ್ಟುಕೊಡಿ. ಬಂದ ರಿಕ್ವೆಸ್ಟನ್ನು ನೋಡಿ ಆಯಾ ಆ್ಯಪ್‌ಗೆ ಕಳಿಸುವ ಕೆಲಸ ಅದರದು.

ಮೊದಲು ಒಳಗಿನ ಪೋರ್ಟ್‌ಗಳು. ಜಾಂಗೊ 8000, ಚಾಟ್ 3000. ಗ್ರಾಫಾನಾ ಕೂಡ ತಾನಾಗಿ 3000ನ್ನೇ ಹಿಡಿಯುತ್ತದೆ, ಅದನ್ನು 3001ಕ್ಕೆ ಬದಲಿಸಿ. ಮೂರೂ 127.0.0.1ರಲ್ಲಿ, ಅಂದರೆ ಸರ್ವರ್ ಒಳಗಿನಿಂದ ಮಾತ್ರ ಸಿಗುವ ವಿಳಾಸದಲ್ಲಿ, ಮಾತ್ರ ಕೇಳಿಸಿಕೊಳ್ಳುತ್ತಿರಲಿ. ಎಲ್ಲ ವಿಳಾಸಗಳನ್ನೂ ತೆರೆಯುವ 0.0.0.0 ಕೊಟ್ಟು, ಫೈರ್‌ವಾಲ್ ಕೂಡ ತಡೆಯದಿದ್ದರೆ ಹೊರಗಿನವರು ಎಂಜಿನ್‌ಎಕ್ಸನ್ನು ದಾಟಿ ನೇರ 8000ಕ್ಕೆ ಬರುತ್ತಾರೆ. ಆ್ಯಪ್‌ಗಳನ್ನು ಡಾಕರ್ ಕಂಟೇನರ್‌ನಲ್ಲಿ ಓಡಿಸುವವರು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು: 8000:8000 ಎಂದಷ್ಟೇ ಬರೆದರೆ ಆ ಪೋರ್ಟ್ ಹೊರಲೋಕಕ್ಕೆ ತೆರೆದುಕೊಳ್ಳುತ್ತದೆ, ಉಬುಂಟುವಿನ ಫೈರ್‌ವಾಲ್ ಆದ ಯುಎಫ್‌ಡಬ್ಲ್ಯುನ ನಿಯಮ ಅದನ್ನು ತಡೆಯುವುದಿಲ್ಲ. 127.0.0.1:8000:8000 ಎಂದೇ ಬರೆಯಿರಿ.

ಇನ್ನು ದಾರಿ ಹಂಚುವುದು ಹೆಸರಿನಿಂದಲೋ, ಪಾತ್‌ನಿಂದಲೋ (ವಿಳಾಸದಲ್ಲಿ ಹೆಸರಿನ ನಂತರ ಬರುವ /ಚಾಟ್/ ನಂಥ ಭಾಗ)? ಹೆಸರಿನಿಂದ ಹಂಚಿ. ಬ್ರೌಸರ್ ಪ್ರತಿ ರಿಕ್ವೆಸ್ಟಿನಲ್ಲೂ ತಾನು ಕೇಳುತ್ತಿರುವ ಸೈಟಿನ ಹೆಸರನ್ನು ಹೋಸ್ಟ್ ಹೆಡರ್‌ನಲ್ಲಿ, ಅಂದರೆ ರಿಕ್ವೆಸ್ಟಿನ ತಲೆಯಲ್ಲಿರುವ ಒಂದು ಮಾಹಿತಿ ಸಾಲಿನಲ್ಲಿ, ಕಳಿಸುತ್ತದೆ. ಎಕ್ಸಾಂಪಲ್.ಕಾಂ ಎಂದಿದ್ದರೆ 8000ಕ್ಕೆ, ಚಾಟ್.ಎಕ್ಸಾಂಪಲ್.ಕಾಂ ಎಂದಿದ್ದರೆ 3000ಕ್ಕೆ, ಗ್ರಾಫ್.ಎಕ್ಸಾಂಪಲ್.ಕಾಂ ಎಂದಿದ್ದರೆ 3001ಕ್ಕೆ. ಹೀಗೆ ಮಾಡಿದರೆ ಪ್ರತಿ ಆ್ಯಪ್ ತನ್ನ ಮನೆಯ ಬುಡದಲ್ಲೇ, ಅಂದರೆ / ಎಂಬಲ್ಲೇ ಇರುತ್ತದೆ, ಅದರ ಲಿಂಕ್‌ಗಳು ಮುರಿಯುವುದಿಲ್ಲ.

ಡಿಎನ್‌ಎಸ್‌ನಲ್ಲಿ ಮೂರೂ ಹೆಸರಿಗೆ ನಿಮ್ಮ ಸರ್ವರಿನ ಐಪಿ ತೋರಿಸುವ ಎ ರೆಕಾರ್ಡ್ ಹಾಕಿ. ಎಂಜಿನ್‌ಎಕ್ಸ್‌ನ ಸೈಟ್ಸ್-ಅವೈಲಬಲ್ ಫೋಲ್ಡರಿನಲ್ಲಿ ಪ್ರತಿ ಹೆಸರಿಗೊಂದು ಫೈಲ್ ಬರೆದು, ಸೈಟ್ಸ್-ಎನೇಬಲ್ಡ್‌ಗೆ ಸಿಮ್‌ಲಿಂಕ್ ಮಾಡಿ. ಪ್ರತಿ ಸರ್ವರ್ ಬ್ಲಾಕ್‌ನಲ್ಲಿ ಸರ್ವರ್_ನೇಮ್, ಲೊಕೇಶನ್ /, ಅದರೊಳಗೆ ಯಾವ ಒಳಪೋರ್ಟ್‌ಗೆ ಕಳಿಸಬೇಕೆಂದು ಹೇಳುವ ಪ್ರಾಕ್ಸಿ_ಪಾಸ್. ಇಷ್ಟಕ್ಕೇ ನಿಲ್ಲಿಸಬೇಡಿ, ಹೆಡರ್‌ಗಳನ್ನೂ ದಾಟಿಸಬೇಕು. ಹೋಸ್ಟ್ ಹೆಡರ್ ದಾಟಿಸದಿದ್ದರೆ ಜಾಂಗೊಗೆ ಕಾಣುವ ಹೆಸರು 127.0.0.1:8000. ಅದು ಅನುಮತಿ ಪಟ್ಟಿಯಲ್ಲಿಲ್ಲವಾದರೆ 400 ಎರರ್. ಎಕ್ಸ್-ಫಾರ್ವರ್ಡೆಡ್-ಪ್ರೊಟೊ ಮರೆತರೆ, ಎಚ್‌ಟಿಟಿಪಿಎಸ್ ಕಡ್ಡಾಯ ಮಾಡಿದ ಆ್ಯಪ್ ಬಂದದ್ದು ಎಚ್‌ಟಿಟಿಪಿ ಎಂದು ತಿಳಿದು ಎಚ್‌ಟಿಟಿಪಿಎಸ್‌ಗೆ ತಳ್ಳುತ್ತದೆ, ಅದು ಮತ್ತೆ ಅಲ್ಲಿಗೇ ಬರುತ್ತದೆ, ಬ್ರೌಸರ್ ಸುತ್ತಿ ಸುತ್ತಿ ಸೋಲುತ್ತದೆ. ಆ ಹೆಡರನ್ನು ನಂಬಬೇಕೆಂದು ಜಾಂಗೊ ಸೆಟ್ಟಿಂಗ್ಸ್‌ನಲ್ಲೂ ಹೇಳಬೇಕು.

ಯಾವ ಹೆಸರಿಗೂ ಹೊಂದದ ರಿಕ್ವೆಸ್ಟ್ ಆ ಪೋರ್ಟಿನ ಮೊದಲ ಬ್ಲಾಕ್‌ಗೆ ಹೋಗುತ್ತದೆ. ಐಪಿ ಹುಡುಕಿಕೊಂಡು ಬರುವ ಬಾಟ್‌ಗಳು ನಿಮ್ಮ ಡ್ಯಾಶ್‌ಬೋರ್ಡ್ ನೋಡದಿರಲು ಡಿಫಾಲ್ಟ್_ಸರ್ವರ್ ಬ್ಲಾಕ್ ಒಂದನ್ನು ಬರೆದು 444 ಹಿಂತಿರುಗಿಸಿ. ಎಂಜಿನ್‌ಎಕ್ಸ್ ಉತ್ತರ ಕೊಡದೆ ಸಂಪರ್ಕ ಕಡಿಯುತ್ತದೆ.

ಸಬ್‌ಡೊಮೈನ್ ಸಿಗದೆ ಪಾತ್ ಬಳಸಲೇಬೇಕಾದರೆ ಜೀವ ಹೋಗುವುದು ಒಂದು ಸ್ಲ್ಯಾಶ್‌ನಲ್ಲಿ. ಲೊಕೇಶನ್ /ಚಾಟ್/ ಇದೆ ಎನ್ನಿ. ಪ್ರಾಕ್ಸಿ_ಪಾಸ್ 127.0.0.1:3000 ಎಂದು ಮುಗಿದರೆ ಆ್ಯಪ್‌ಗೆ /ಚಾಟ್/ಸಂದೇಶ ಎಂದು ಇಡಿಯಾಗಿ ತಲುಪುತ್ತದೆ. ಕೊನೆಗೆ / ಸೇರಿಸಿ 127.0.0.1:3000/ ಎಂದರೆ /ಚಾಟ್/ ಭಾಗ ಕಳಚಿ /ಸಂದೇಶ ಮಾತ್ರ ಹೋಗುತ್ತದೆ. ಲೊಕೇಶನ್‌ನ ಕೊನೆಗೆ ಸ್ಲ್ಯಾಶ್ ಬಿಟ್ಟು ಪ್ರಾಕ್ಸಿ_ಪಾಸ್‌ಗೆ ಮಾತ್ರ ಹಾಕಿದರೆ //ಸಂದೇಶ. 404 ಬಂದಾಗ ಮೊದಲು ಇಲ್ಲಿ ನೋಡಿ. ಪುಟ ಬಂದು ಸಿಎಸ್‌ಎಸ್, ಚಿತ್ರ ಬಾರದಿದ್ದರೆ, ಆ್ಯಪ್‌ಗೆ ತಾನು ಪಾತ್‌ನ ಕೆಳಗಿರುವುದು ಗೊತ್ತಿಲ್ಲ ಎಂದರ್ಥ. ಅದನ್ನು ಆ್ಯಪ್‌ನ ಸೆಟ್ಟಿಂಗಿನಲ್ಲೇ ಸರಿಪಡಿಸಬೇಕು. ಗ್ರಾಫಾನಾದಲ್ಲಿ ರೂಟ್_ಯುಆರ್‌ಎಲ್‌ಗೆ ಪಾತ್ ಸೇರಿಸಿ, ಸರ್ವ್_ಫ್ರಮ್_ಸಬ್_ಪಾತ್ ಅನ್ನು ಟ್ರೂ ಮಾಡಿ, ಪಾತ್ ಕಳಚದೆ ಕಳಿಸಿ.

ಚಾಟ್ ಬಳಸುವುದು ವೆಬ್‌ಸಾಕೆಟ್, ಅಂದರೆ ತೆರೆದೇ ಉಳಿಯುವ ಸಂಪರ್ಕ. ಅದಕ್ಕೆ ಪ್ರಾಕ್ಸಿಯ ಎಚ್‌ಟಿಟಿಪಿ ಆವೃತ್ತಿಯನ್ನು 1.1 ಎಂದು ನಮೂದಿಸಿ, ಅಪ್‌ಗ್ರೇಡ್ ಮತ್ತು ಕನೆಕ್ಷನ್ ಹೆಡರ್‌ಗಳನ್ನು ದಾಟಿಸಬೇಕು. ಆಮೇಲೂ ಸರಿಯಾಗಿ ಒಂದು ನಿಮಿಷ ಸುಮ್ಮನಿದ್ದ ಮೇಲೆ ಚಾಟ್ ಕಡಿದುಹೋಗುತ್ತಿದ್ದರೆ ಕಾರಣ ಪ್ರಾಕ್ಸಿ_ರೀಡ್_ಟೈಮೌಟ್, ಅದರಲ್ಲಿ ಮೊದಲೇ ಇರುವ ಮಿತಿ 60 ಸೆಕೆಂಡ್. ಅದನ್ನು ಹೆಚ್ಚಿಸಿ, ಇಲ್ಲವೇ ಆ್ಯಪ್‌ನಿಂದ 30 ಸೆಕೆಂಡಿಗೊಮ್ಮೆ ಪಿಂಗ್ ಕಳಿಸಿ.

ಬದಲಾವಣೆ ಮಾಡಿದಾಗಲೆಲ್ಲ ಕಾನ್ಫಿಗ್ ಫೈಲನ್ನು ಪರೀಕ್ಷಿಸುವ ಎಂಜಿನ್‌ಎಕ್ಸ್ -ಟಿ ಓಡಿಸಿ, ಸರಿಯಿದ್ದರೆ ಮಾತ್ರ ರೀಲೋಡ್ ಕೊಡಿ. ರೀಸ್ಟಾರ್ಟ್ ಬೇಡ: ಫೈಲಿನಲ್ಲಿ ತಪ್ಪಿದ್ದರೆ ಮೂರೂ ಸೈಟ್ ಒಟ್ಟಿಗೆ ಮಲಗಬಹುದು. ರೀಲೋಡ್‌ನಲ್ಲಾದರೆ ತಪ್ಪಿದ್ದರೂ ಹಳೆಯ ಕಾನ್ಫಿಗ್ ಓಡುತ್ತಲೇ ಇರುತ್ತದೆ. ಹೆಸರುಗಳು ಸರಿಯಾಗಿ ಹಂಚಿಕೆಯಾದ ಮೇಲೆ ಸರ್ಟ್‌ಬಾಟ್ ಎಂಬ ಉಪಕರಣದಿಂದ ಮೂರಕ್ಕೂ ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ ಪಡೆಯಿರಿ. ಪರಿಶೀಲನೆ 80ರ ಮೂಲಕ ನಡೆಯುವುದರಿಂದ ಫೈರ್‌ವಾಲ್‌ನಲ್ಲಿ ಅದನ್ನು ಮುಚ್ಚಬೇಡಿ.

ಆ್ಯಪ್‌ನಿಂದ ಎಂಜಿನ್‌ಎಕ್ಸ್‌ಗೆ ಸರಿಯಾದ ಉತ್ತರ ಸಿಗದೆ 502 ಎರರ್ ಬಂದರೆ ಊಹೆ ಬೇಡ, ಎರರ್ ಲಾಗ್ ತೆರೆಯಿರಿ. 111 ಎಂಬ ಸಂಖ್ಯೆ ಕಂಡರೆ ಆ್ಯಪ್ ಓಡುತ್ತಿಲ್ಲ ಅಥವಾ ಪೋರ್ಟ್ ತಪ್ಪಾಗಿದೆ. ರೆಡ್ ಹ್ಯಾಟ್ ಬಳಗದ ಸರ್ವರಿನಲ್ಲಿ 13 ಕಂಡರೆ ಹೆಚ್ಚಾಗಿ ತಡೆಯುತ್ತಿರುವುದು ಎಸ್‌ಇಲಿನಕ್ಸ್ ಎಂಬ ಭದ್ರತಾ ವ್ಯವಸ್ಥೆ. ಎಚ್‌ಟಿಟಿಪಿಡಿ_ಕ್ಯಾನ್_ನೆಟ್‌ವರ್ಕ್_ಕನೆಕ್ಟ್ ಅನ್ನು 1 ಮಾಡಿ. ಫೋಟೊ ಹಾಕುವಾಗ 413 ಬಂದರೆ ಫೈಲ್ ಮಿತಿ 1 ಎಂಬಿಯಲ್ಲೇ ಉಳಿದಿದೆ. ಕ್ಲೈಂಟ್_ಮ್ಯಾಕ್ಸ್_ಬಾಡಿ_ಸೈಜ್ ಅನ್ನು ಆ ಒಂದು ಸೈಟಿನ ಬ್ಲಾಕ್‌ನಲ್ಲಿ ಮಾತ್ರ ಏರಿಸಿ.