ಕರೆಂಟ್ ಹೋದ ಮಳೆರಾತ್ರಿಗೆ ಊರಿನವರೇ ನಡೆಸುವ ಆಸರೆ ಕೇಂದ್ರ

ಪುಷ್ಯ, ಆಶ್ಲೇಷ ಮಳೆ ಗಾಳಿ ಸಮೇತ ಹಿಡಿದುಕೊಂಡಿತೆಂದರೆ ಮೂಡಿಗೆರೆ, ಸಕಲೇಶಪುರದ ಕಡೆ ಕಾಫಿ ತೋಟದ ಸಿಲ್ವರ್ ಓಕ್ ಮರಗಳು ಕರೆಂಟ್ ಲೈನಿನ ಮೇಲೆ ಬೀಳುತ್ತವೆ. ಕಂಬವೇ ಮುರಿದರೆ ಎರಡು ಮೂರು ದಿನ ಕತ್ತಲೆ. ಸರ್ಕಾರದ ಕಾಳಜಿ ಕೇಂದ್ರ ತೆರೆಯುವಷ್ಟರಲ್ಲಿ ಮೊದಲ ರಾತ್ರಿ ಕಳೆದಿರಬಹುದು. ಆ ರಾತ್ರಿಗೆ ಊರಿನವರೇ ಸಿದ್ಧರಿರಬೇಕು. ಆರಿದ್ರಾ ಮಳೆ ಹುಟ್ಟುವ ಮೊದಲೇ ಜಾಗ, ಸಾಮಾನು, ಜನ ಗೊತ್ತಾಗಿರಲಿ.

ಸಮುದಾಯ ಭವನವೋ ಶಾಲೆಯೋ, ಯಾವುದಾದರೂ ಆದೀತು. ಆದರೆ ಹಿಂದುಗಡೆ ಧರೆ, ಅಂದರೆ ಗುಡ್ಡದ ಮಣ್ಣಿನ ಇಳಿಜಾರು, ಕಡಿದಿದ್ದರೆ ಆ ಕಟ್ಟಡ ಎಷ್ಟೇ ದೊಡ್ಡದಿದ್ದರೂ ಬೇಡ. ಮಾಡಿನ ಮೇಲೆ ಬೀಳುವಂತಿರುವ ಮರವೂ ಹತ್ತಿರ ಇರಬಾರದು. ಒಬ್ಬರಿಗೆ ಮೂರೂವರೆ ಚದರ ಮೀಟರ್ ಲೆಕ್ಕ ಹಿಡಿದರೆ 20 ಅಡಿ ಅಗಲ, 30 ಅಡಿ ಉದ್ದದ ಹಾಲಿನಲ್ಲಿ 15 ಜನ ಮಲಗಬಹುದು. 20 ಜನಕ್ಕೆ ಒಂದು ಶೌಚಾಲಯ, ತಲೆಗೆ ದಿನಕ್ಕೆ 15 ಲೀಟರ್ ನೀರು. ಕರೆಂಟ್ ಹೋದ ಮೇಲೆ ಪಂಪ್ ಓಡುವುದಿಲ್ಲ. ಗಾಳಿ ಏಳುತ್ತಿದ್ದಂತೆಯೇ ಟ್ಯಾಂಕ್ ತುಂಬಿಸಿಬಿಡಿ. ಬೀಗದ ಕೈ ಇಬ್ಬರ ಮನೆಯಲ್ಲಿರಲಿ.

ಬಾಗಿಲಿಗೆ ಬಂದವರಿಗೆ ಮೊದಲು ಕೊಡಬೇಕಾದದ್ದು ಕಾಫಿಯಲ್ಲ, ಒಣಬಟ್ಟೆ. ಒದ್ದೆ ಸೀರೆಯ ಮೇಲೆಯೇ ಕಂಬಳಿ ಹೊದಿಸಿದರೆ ಕಂಬಳಿಯೂ ನೆನೆದು ಮೈ ಇನ್ನಷ್ಟು ತಣ್ಣಗಾಗುತ್ತದೆ. ಪಂಚೆ, ನೈಟಿ, ಮಕ್ಕಳ ಬಟ್ಟೆಗಳನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಡಿ. ಸಿಮೆಂಟ್ ನೆಲದ ಮೇಲೆ ಟಾರ್ಪಾಲು, ಅದರ ಮೇಲೆ ಚಾಪೆ, ಆಮೇಲೆ ಜಮಖಾನ; ಚಳಿ ಕೆಳಗಿನಿಂದಲೇ ಹೆಚ್ಚು ಏರುತ್ತದೆ. ನಡುಗುತ್ತಿದ್ದ ಮುದುಕರ ನಡುಕ ತಾನಾಗಿ ನಿಂತು ಮಾತು ತೊದಲತೊಡಗಿದರೆ ಸುಧಾರಿಸಿತು ಅಂದುಕೊಳ್ಳಬೇಡಿ, ಅದು ಅಪಾಯದ ಗುರುತು. ಕೈಕಾಲು ತಿಕ್ಕಬೇಡಿ, ಬ್ರಾಂದಿ ಕೊಡಬೇಡಿ. ಎದೆ, ಹೊಟ್ಟೆ ಬೆಚ್ಚಗಿಟ್ಟು 108ಕ್ಕೆ ಫೋನ್ ಮಾಡಿ.

ಚಳಿ ಹೆಚ್ಚಾದಾಗ ಯಾರಾದರೂ ಬಾಣಲೆಯಲ್ಲಿ ಕೆಂಡ ತಂದು ಒಳಗಿಟ್ಟು ಕಿಟಕಿ ಮುಚ್ಚುತ್ತಾರೆ. ಇದನ್ನು ಖಡಾಖಂಡಿತವಾಗಿ ತಡೆಯಬೇಕು. ಹೊಗೆಯಾದರೆ ಕಣ್ಣು ಉರಿದು ಎಚ್ಚರಿಸುತ್ತದೆ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲಗಿದವರು ಮಲಗಿದಲ್ಲೇ ಹೋಗಿಬಿಡುತ್ತಾರೆ. ನಾಲ್ಕಾರು ಜನಕ್ಕೆ ಒಟ್ಟಿಗೇ ತಲೆನೋವು, ವಾಕರಿಕೆ ಶುರುವಾದರೆ ಊಟವನ್ನು ಅನುಮಾನಿಸುತ್ತಾ ಕೂರಬೇಡಿ, ಮೊದಲು ಎಲ್ಲರನ್ನೂ ಹೊರಗೆ ಕರೆತನ್ನಿ. ಒಲೆ ಹೊರಗಿನ ಮಾಡಿನಡಿ ಇರಲಿ. ಬಿಸಿನೀರು ತುಂಬಿ ಬಟ್ಟೆ ಸುತ್ತಿದ ಬಾಟಲಿ ಹಾಸಿಗೆಯೊಳಗೆ ಸಾಕಷ್ಟು ಬೆಚ್ಚಗಿಡುತ್ತದೆ.

ಜನರೇಟರ್‌ಗೂ ಇದೇ ಮಾತು. ಕಟ್ಟಡದಿಂದ ಕನಿಷ್ಠ 20 ಅಡಿ ದೂರ, ಹೊಗೆ ಕಿಟಕಿಯ ಕಡೆ ಬೀಸದಂತೆ ಇಡಿ. ಮಳೆಗೆ ಮೇಲೆ ಟಾರ್ಪಾಲು ಎತ್ತಿ ಕಟ್ಟಿ, ಸುತ್ತ ಮುಚ್ಚಬೇಡಿ. ಪೆಟ್ರೋಲ್ ಹಾಕುವುದು ಆಫ್ ಮಾಡಿ, ತಣ್ಣಗಾದ ಮೇಲೆ. ಎರಡೂ ತುದಿಗೆ ಪಿನ್ ಹಾಕಿದ ವೈರ್‌ನಿಂದ ಗೋಡೆಯ ಸಾಕೆಟ್‌ಗೆ ಕರೆಂಟ್ ಕೊಡುವ ಅಭ್ಯಾಸ ಇದೆ. ಆ ಕರೆಂಟ್ ಹಿಮ್ಮುಖವಾಗಿ ಟ್ರಾನ್ಸ್‌ಫಾರ್ಮರ್ ಸೇರಿ 11 ಕೆವಿ (11 ಸಾವಿರ ವೋಲ್ಟ್) ಆಗಿ ಲೈನಿಗೆ ಏರುತ್ತದೆ, ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್ ಜೀವಕ್ಕೇ ಕುತ್ತು. ಜನರೇಟರ್ ಕರೆಂಟ್ ಲೈನಿಗೆ ಸೇರದಂತೆ ಬೇರ್ಪಡಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದಿದ್ದರೆ ಜನರೇಟರ್‌ಗೆ ನೇರವಾಗಿ ಸಿಕ್ಕಿಸಿದ ಎಕ್ಸ್‌ಟೆನ್ಷನ್ ಬೋರ್ಡಿನಲ್ಲೇ ಬಲ್ಬು ಹೊತ್ತಿಸಿ. ದೀಪಕ್ಕಷ್ಟೇ ಆದರೆ ಜನರೇಟರೂ ಬೇಕಿಲ್ಲ: ಚೆನ್ನಾಗಿರುವ 150 ಎಎಚ್ ಇನ್ವರ್ಟರ್ ಬ್ಯಾಟರಿ 9 ವಾಟಿನ ಆರು ಎಲ್‌ಇಡಿ ಬಲ್ಬುಗಳನ್ನು ರಾತ್ರಿಯಿಡೀ ಉರಿಸುತ್ತದೆ.

ಊಟಕ್ಕೆ ಗಂಜಿ, ಉಪ್ಪಿನಕಾಯಿ. ಒಂದು ಕಿಲೋ ಅಕ್ಕಿಯ ಗಂಜಿ ಸುಮಾರು 15 ಜನಕ್ಕೆ ಆಗುತ್ತದೆ. ಕುಡಿಯುವ ನೀರು ಕೊತಕೊತ ಕುದಿಯಲೇಬೇಕು.

ಹೆಸರು, ಮನೆ, ನುಂಗುವ ಮಾತ್ರೆ ಇಷ್ಟನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಟವರ್‌ನ ಬ್ಯಾಟರಿ ಮುಗಿದರೆ ಫೋನೂ ಇಲ್ಲ, ಆದ್ದರಿಂದ 112, ವಿದ್ಯುತ್ ದೂರಿನ 1912, ಹತ್ತಿರದ ಜೀಪಿನವರ ನಂಬರುಗಳನ್ನು ಸಂಜೆಯೇ ಬಳಸಿ ವಿಷಯ ಮುಟ್ಟಿಸಿಡಿ. ಫ್ರಿಡ್ಜ್ ನಿಂತಿತೆಂದು ಇನ್ಸುಲಿನ್ ಅನ್ನು ಐಸ್‌ಗೆ ತಾಗಿಸಿ ಇಡುವವರಿದ್ದಾರೆ. ಹೆಪ್ಪುಗಟ್ಟಿದರೆ ಅದು ಕೆಟ್ಟಿತು. ಮಲೆನಾಡಿನ ಮಳೆಗಾಲದ ತಂಪಿಗೆ ಒಲೆಯಿಂದ ದೂರ, ನೆರಳಿನಲ್ಲಿಟ್ಟರೆ ಸಾಕು.

ಕರೆಂಟ್ ಬಂತೆಂದು ತಕ್ಷಣ ಎಲ್ಲರನ್ನೂ ಮನೆಗೆ ಕಳಿಸಬೇಡಿ. ಹಗಲಾಗಲಿ. ಗೋಡೆ ನೆನೆದ ಮನೆಗಳಲ್ಲಿ ಎಲೆಕ್ಟ್ರಿಷಿಯನ್ ನೋಡುವವರೆಗೆ ಮೇನ್ ಸ್ವಿಚ್ ಹಾಕಬಾರದು, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಅದನ್ನು ಮುಟ್ಟಲೂಬಾರದು.