ಪತ್ತನಾಜೆಯ ಒಳಗೆ ಕಣಿ ತೆರೆದಿರಬೇಕು: ಕಾಸರಗೋಡಿಗೆ ಹೊಸದಾಗಿ ಬಂದವರಿಗೆ ಮಳೆಗಾಲದ ಮಾರ್ಗದರ್ಶಿ

ವರ್ಗವಾಗಿ, ಮದುವೆಯಾಗಿ, ತೋಟ ಕೊಂಡು, ಹೇಗೋ ಕಾಸರಗೋಡಿನ ಹಳ್ಳಿಗಳಿಗೆ ಬಂದ ಕನ್ನಡದ ಕುಟುಂಬಗಳಿಗೆ ನಮ್ಮ ಸಂಘದಿಂದ ಸ್ವಾಗತ. ರೇಷನ್ ಕಾರ್ಡು, ಶಾಲೆ, ಗ್ಯಾಸು ಇದರ ಬಗ್ಗೆ ಬೇರೆಯವರು ಬರೆಯುತ್ತಾರೆ. ನನಗೆ ಒಪ್ಪಿಸಿದ್ದು ಮಳೆಗಾಲ. ಯಾಕೆ ನನಗೇ ಅಂದರೆ, ಮಳೆಗಾಲದಲ್ಲಿ ನನ್ನಷ್ಟು ಬೈಸಿಕೊಂಡವರು ಸಂಘದಲ್ಲಿ ಇನ್ನೊಬ್ಬರಿಲ್ಲ.

ನಾನು ಗದಗದ ಕಡೆಯವನು, ಬ್ಯಾಂಕಿನ ಕೆಲಸದವನು. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಆರುನೂರು ಮಿಲಿಮೀಟರಿನ ಆಸುಪಾಸು. ಇಲ್ಲಿ ಸುಮಾರು 3500. ಇಲ್ಲಿ ರೆಡ್ ಅಲರ್ಟ್ ಅಂದರೆ 24 ಗಂಟೆಯಲ್ಲಿ 204.4 ಮಿಲಿಮೀಟರಿಗಿಂತ ಜಾಸ್ತಿ. ಅಂದರೆ ನಮ್ಮೂರಿನ ನಾಲ್ಕು ತಿಂಗಳ ಮಳೆ ಒಂದೇ ಹಗಲು ರಾತ್ರಿಯಲ್ಲಿ ನಿಮ್ಮ ಮಾಡಿನ ಮೇಲೆ ಬೀಳುತ್ತದೆ. ಬಯಲು ಸೀಮೆಯಲ್ಲಿ ಮಳೆ ಬಂದರೆ ಹೊರಗೆ ನಿಂತು ಖುಷಿಪಡುತ್ತೇವೆ ಅಲ್ವಾ, ಇಲ್ಲಿ ಮಳೆ ಬರುವ ಮುಂಚೆಯೇ ಹಾರೆ ಹಿಡಿದು ಹೊರಗೆ ನಿಂತಿರಬೇಕು.

ಅಂದಹಾಗೆ, ನಮ್ಮ ಸಂಘದ ಒಬ್ಬರ ಮಗಳು ಕೆನಡಾದಲ್ಲಿದ್ದಾಳೆ. ಅಲ್ಲಿ ಮನೆ ಮುಂದಿನ ಕಾಲುದಾರಿಯ ಹಿಮವನ್ನು ಮನೆಯವರೇ ಎತ್ತಿ ಹಾಕಬೇಕಂತೆ, ಇಲ್ಲದಿದ್ದರೆ ದಂಡವಂತೆ. ಕೇಳಿ ಎಲ್ಲರೂ ಅಯ್ಯೋ ಪಾಪ ಅಂದರು. ನಾನು ಅನ್ನಲಿಲ್ಲ. ಹಿಮ ಬಿದ್ದಲ್ಲೇ ಕೂತಿರುತ್ತದೆ. ನೀರು ಪಕ್ಕದ ಮನೆಗೆ ಹೋಗುತ್ತದೆ.

ಯಾವಾಗ

ಕಣಿ (ಗೇಟಿನ ಮುಂದಿನ ಚರಂಡಿ) ತೆರೆಯುವುದು ಪತ್ತನಾಜೆಯ ಒಳಗೆ. ಇದು ತುಳುವರ ಬೇಶ ತಿಂಗಳ ಹತ್ತನೇ ದಿನ, ಮೇ 24 ಅಥವಾ 25ಕ್ಕೆ ಬರುತ್ತದೆ. ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುವುದು, ದೈವದ ಕೋಲ, ಜಾತ್ರೆಗಳು ನಿಲ್ಲುವುದು ಅವತ್ತಿಗೇ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಕೇರಳಕ್ಕೆ ಮುಂಗಾರು ಬರುವುದು ಜೂನ್ 1ಕ್ಕೆ. ಅದನ್ನೇ ನಂಬಿ 'ಇನ್ನೂ ಒಂದು ವಾರ ಇದೆ' ಅಂತ ಕೂತವರಿಗೆ 2025ರಲ್ಲಿ ಸರಿಯಾಗಿ ಪಾಠವಾಯಿತು. ಆ ವರ್ಷ ಮುಂಗಾರು ಮೇ 24ಕ್ಕೇ ಬಂದಿತ್ತು. ಹಿರಿಯರ ಕ್ಯಾಲೆಂಡರಿಗೆ ನಗಬೇಡಿ.

ಕಣಿ (ಇದನ್ನು ಪೂರ್ತಿ ಓದಿ, ಉಳಿದದ್ದು ಬಿಟ್ಟರೂ ಪರವಾಗಿಲ್ಲ)

ನಿಮ್ಮ ಗೇಟಿನ ಮುಂದೆ, ರಸ್ತೆಯ ಬದಿಯಲ್ಲಿ ಒಂದು ಸಣ್ಣ ಚರಂಡಿ ಇರುತ್ತದೆ. ಇಲ್ಲಿಯವರು ಕಣಿ ಅನ್ನುತ್ತಾರೆ. ಬೇಸಿಗೆಯಲ್ಲಿ ನೋಡಿದರೆ ಅದು ಚರಂಡಿ ಅಂತಲೇ ಗೊತ್ತಾಗುವುದಿಲ್ಲ. ಒಣಗಿದ ಎಲೆ, ಹುಲ್ಲು, ಕೆಂಪು ಮಣ್ಣು ತುಂಬಿ ನೆಲಕ್ಕೆ ಸಮ ಆಗಿರುತ್ತದೆ. ನಾನು ಬಂದದ್ದು ಫೆಬ್ರವರಿಯಲ್ಲಿ. ಗೇಟಿನ ಮುಂದೆ ಬೈಕು ಏರಿಸಲು ಕಷ್ಟವಾಗುತ್ತದೆ ಅಂತ ಆ ಕಣಿಗೆ ನಾಲ್ಕಿಂಚಿನ ಒಂದು ಪಿವಿಸಿ ಪೈಪ್ ಹಾಕಿಸಿ, ಮೇಲೆ ಮಣ್ಣು ಜಲ್ಲಿ ಸುರಿದು, ಚಂದದ ಒಂದು ಇಳಿಜಾರು ಮಾಡಿಸಿದೆ. ಪೈಪ್ ಹಾಕಿದ್ದೇನಲ್ಲ, ನೀರು ಹೋಗುತ್ತದೆ ಅಂತ ಹೆಮ್ಮೆ ಬೇರೆ. ನೋಡಿದವರು ಯಾರೂ ಏನೂ ಹೇಳಲಿಲ್ಲ. ಹೊಸಬರು, ಬೇಜಾರು ಮಾಡಿಕೊಂಡಾರು ಅಂತ.

ಜೂನಿನ ಎರಡನೇ ವಾರದ ಒಂದು ರಾತ್ರಿ ಗುಡ್ಡೆಯಿಂದ ನೀರು ಇಳಿಯಿತು. ನೀರಿನ ಜೊತೆ ತೆಂಗಿನ ಮಡಲು, ಅಡಿಕೆ ಹಾಳೆ, ಗೋಣಿಚೀಲ ಎಲ್ಲ ಬಂತು. ಪೈಪಿನ ಬಾಯಿ ಕಟ್ಟಲು ಒಂದು ಹಾಳೆ ಸಾಕಾಯಿತು. ನೀರು ರಸ್ತೆ ದಾಟಿ ಎದುರು ಮನೆಯ ಅಂಗಳಕ್ಕೆ, ಅಲ್ಲಿಂದ ಅವರ ಬಾವಿಗೆ. ನಮ್ಮ ಮನೆಗೆ ಒಂದು ಹನಿ ಬರಲಿಲ್ಲ, ನಾನು ಗಡದ್ದಾಗಿ ನಿದ್ದೆ ಮಾಡಿದೆ. ಬೆಳಗ್ಗೆ ಆರಕ್ಕೆ ಎದುರು ಮನೆಯ ಅಕ್ಕ ಬಾಗಿಲು ತಟ್ಟಿದರು. 'ಎಂತ ಬ್ಯಾಂಕಿನವರೇ, ನಿಮ್ಮ ನೀರು ನಮ್ಮ ಬಾವಿಯಲ್ಲುಂಟು, ನೋಡ್ಲಿಕ್ಕೆ ಬನ್ನಿ' ಅಂದರು. ಹೋಗಿ ನೋಡಿದೆ. ಬಾವಿಯ ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ಹದಿನೈದು ದಿನ ಅವರು ಕುಡಿಯುವ ನೀರನ್ನು ದೂರದ ಮನೆಯಿಂದ ಹೊತ್ತು ತಂದರು. ನಾನೂ ಹೊತ್ತೆ. ಅಷ್ಟಾದರೂ ಅವರು ಪಂಚಾಯತಿಗೆ ದೂರು ಕೊಡಲಿಲ್ಲ, ಅದು ಅವರ ದೊಡ್ಡತನ. ನಿಮ್ಮ ಎದುರು ಮನೆಯವರು ಹಾಗಿರುತ್ತಾರೆ ಅಂತ ನಾನು ಗ್ಯಾರಂಟಿ ಕೊಡಲಾರೆ.

ಆಗಿನಿಂದ ನಾನು ಕಲಿತದ್ದು ಇಷ್ಟು. ಕಣಿ ಪಂಚಾಯತಿನದ್ದು. ದೊಡ್ಡ ಕೆಲಸ, ಮೋರಿ ಕಟ್ಟುವುದು, ತೋಡಿನ (ಸಣ್ಣ ಹಳ್ಳದ) ಹೂಳು ತೆಗೆಯುವುದು ಎಲ್ಲ ಅವರದ್ದೇ. ಅದಕ್ಕೆ ವಾರ್ಡ್ ಮೆಂಬರಿಗೆ ಹೇಳಬೇಕು, ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬೇಕು. ಆದರೆ ನಿಮ್ಮ ಗೇಟಿನ ಈ ಮೂಲೆಯಿಂದ ಆ ಮೂಲೆಯವರೆಗಿನ ಕಸ ಮಣ್ಣು ತೆಗೆಯುವುದು ನಿಮ್ಮ ಕೈಯ ಕೆಲಸ. ಇದು ಊರಿನ ರೂಢಿ. 'ತೆರಿಗೆ ಕಟ್ಟುತ್ತೇವಲ್ಲ, ಅವರೇ ಬಂದು ಮಾಡಲಿ' ಅನ್ನುವ ಬೆಂಗಳೂರಿನ ಮಾತು ಇಲ್ಲಿ ಆಡಬೇಡಿ. ಮಾತು ನ್ಯಾಯದ್ದೇ ಇರಬಹುದು, ನೀರಿಗೆ ನ್ಯಾಯ ಗೊತ್ತಿಲ್ಲ.

ಗೇಟಿನ ಮುಂದೆ ದಾರಿ ಬೇಕಾದರೆ ಪೈಪ್ ಬೇಡ. ಎತ್ತಲು ಬರುವ ಕಾಂಕ್ರೀಟ್ ಚಪ್ಪಡಿ ಹಾಕಿ. ಇಬ್ಬರು ಸೇರಿ ಎತ್ತಿ ಕೆಳಗೆ ಕೈ ಹಾಕುವಂತಿರಬೇಕು. ಹಾಕುವ ಮೊದಲು ಕೇಳಿ. ಪಂಚಾಯತ್ ರಸ್ತೆಯಾದರೆ ಪಂಚಾಯತಿನಲ್ಲಿ, ಲೋಕೋಪಯೋಗಿ ರಸ್ತೆಯಾದರೆ ಆ ಇಲಾಖೆಯಲ್ಲಿ. ಕಣಿಯಿಂದ ತೆಗೆದ ಮಣ್ಣನ್ನು ರಸ್ತೆ ಬದಿಯಲ್ಲೇ ರಾಶಿ ಹಾಕುವವರಿದ್ದಾರೆ. ಮೊದಲ ಮಳೆಗೆ ಅದು ಮತ್ತೆ ಕಣಿಗೇ ಹೋಗುತ್ತದೆ. ತೆಂಗಿನ ಬುಡಕ್ಕೆ ಹಾಕಿ, ಒಳ್ಳೆಯ ಮಣ್ಣು ಅದು.

ಇನ್ನೊಂದು ಮಾತು. ಒಮ್ಮೆ ಮಾಡಿದರೆ ಮುಗಿಯಲಿಲ್ಲ. ಜೂನ್, ಜುಲೈಯಲ್ಲಿ ಜೋರು ಮಳೆ ಬಂದು ಹೋದ ಪ್ರತಿ ಸಲ ಕೊಡೆ ಹಿಡಿದು ಒಂದು ಸುತ್ತು ನೋಡಿ ಬನ್ನಿ. ಕಣಿಯ ಮೇಲಿನ ಮನೆಯವರು ಮಾಡಿದ್ದಾರಾ, ಕೆಳಗಿನವರು ಮಾಡಿದ್ದಾರಾ ಅಂತ ಜಗಳಕ್ಕೆ ನಿಲ್ಲಬೇಡಿ. ಮೇಲಿನ ಮನೆಯಲ್ಲಿ ವಯಸ್ಸಾದವರು ಮಾತ್ರ ಇದ್ದು ಮಕ್ಕಳು ಗಲ್ಫಿನಲ್ಲಿದ್ದರೆ ಅವರ ನಾಲ್ಕು ಮಾರನ್ನೂ ನೀವೇ ಎಳೆದು ಬಿಡಿ. ಅರ್ಧ ಗಂಟೆಯ ಕೆಲಸ. ಹಾಗೆ ಮಾಡಿದ ವರ್ಷವೇ ನನ್ನನ್ನು 'ಬ್ಯಾಂಕಿನವರೇ' ಅನ್ನುವುದು ನಿಂತು 'ಅಣ್ಣಾ' ಶುರುವಾಯಿತು.

ಬಾಡಿಗೆ ಮನೆಯವರು ಕೇಳುತ್ತಾರೆ, ನಾವೂ ಮಾಡಬೇಕಾ ಅಂತ. ಮಾಡಬೇಕು. ಕಣಿ, ಅಂಗಳ, ಮಾಡಿನ ದಂಬೆಯ ಎಲೆ (ನೀವು ಗಟರ್ ಅನ್ನುವುದು) ಇದು ಇರುವವರ ಕೆಲಸ. ಮರ, ಹಂಚು, ಕಂಪೌಂಡ್ ಗೋಡೆ ಮಾಲೀಕರದ್ದು. ಅವರಿಗೆ ಏಪ್ರಿಲಿನಲ್ಲೇ ಫೋನ್ ಮಾಡಿ.

ಮರ

ನಿಮ್ಮ ಜಾಗದ ಮರ ರಸ್ತೆಗೆ ಅಥವಾ ಬೇರೆಯವರ ಮನೆ ಮೇಲೆ ಬಾಗಿದ್ದರೆ ಕೊಂಬೆ ಕಡಿಸುವುದು ನಿಮ್ಮ ಖರ್ಚು. ಕೇರಳ ಪಂಚಾಯತ್ ರಾಜ್ ಕಾಯ್ದೆಯ (1994) 238ನೇ ಸೆಕ್ಷನ್ ಇದಕ್ಕೇ ಇರುವುದು. ಅಪಾಯದ ಮರ ಕಂಡರೆ ಪಂಚಾಯತ್ ಮಾಲೀಕರಿಗೆ ನೋಟಿಸ್ ಕೊಡಬಹುದು. ಪಕ್ಕದ ಮನೆಯವರ ಮರ ನಿಮ್ಮ ಕಡೆ ಬಾಗಿದ್ದರೆ ಮೊದಲು ಹೋಗಿ ಮಾತಾಡಿ, ಆಮೇಲೆ ಅರ್ಜಿ. ನೇರ ಅರ್ಜಿ ಕೊಟ್ಟವರು ಇಲ್ಲಿ ತುಂಬಾ ದಿನ ಒಬ್ಬರೇ ಚಹಾ ಕುಡಿಯುತ್ತಾರೆ.

ಕರೆಂಟು ತಂತಿಗೆ ತಾಗಿದ ಕೊಂಬೆಯನ್ನು ನೀವು ಮುಟ್ಟಲೇಬಾರದು. ಕೆಎಸ್‌ಇಬಿಗೆ (ಕೇರಳದ ವಿದ್ಯುತ್ ಮಂಡಳಿ) ಹೇಳಿ. ತಂತಿ ಕಡಿದು ಬಿದ್ದಿದ್ದರೆ 1912ಕ್ಕೆ ಫೋನ್ ಮಾಡಿ, ಅವರು ಬರುವ ತನಕ ಮಕ್ಕಳನ್ನು ಆ ಕಡೆ ಬಿಡಬೇಡಿ. ನಿಂತ ನೀರಿನಲ್ಲಿ ತಂತಿ ಬಿದ್ದಿದ್ದರೆ ಆ ನೀರಿಗೇ ಇಳಿಯಬೇಡಿ.

ಕಸ

ಕಣಿ ಕಟ್ಟುವುದೇ ಕಸದಿಂದ, ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ. ಹರಿತ ಕರ್ಮ ಸೇನೆ ಅಂತ ಇದೆ. ಹೆಚ್ಚಿನವರು ಕುಟುಂಬಶ್ರೀಯ (ಕೇರಳದ ಮಹಿಳಾ ಸ್ವಸಹಾಯ ಸಂಘಗಳು) ಹೆಂಗಸರು. ಮನೆ ಬಾಗಿಲಿಗೆ ಬಂದು ಪ್ಲಾಸ್ಟಿಕ್ ಒಯ್ಯುತ್ತಾರೆ. ಹಳ್ಳಿಗಳಲ್ಲಿ ತಿಂಗಳಿಗೆ 50 ರೂಪಾಯಿ. ಹಾಲಿನ ಪ್ಯಾಕೆಟ್ ತೊಳೆದು ಒಣಗಿಸಿ ಕೊಡಬೇಕು. ವಾಸನೆ ಬರುವ ಚೀಲ ಕೊಟ್ಟು 'ಐವತ್ತು ಕೊಟ್ಟಿದ್ದೇನಲ್ಲ' ಅನ್ನಬೇಡಿ, ಅವರೂ ನಮ್ಮ ಹಾಗೇ ಮನೆಯಲ್ಲಿ ಅಡುಗೆ ಮಾಡಿಟ್ಟು ಬಂದವರು. ಅವರನ್ನು ಚೇಚಿ ಅನ್ನಿ, ಅಕ್ಕ ಅನ್ನಿ, 'ಏಯ್ ಕಸದವರೇ' ಅಂತ ಒಬ್ಬರು ಕರೆದದ್ದನ್ನು ಕೇಳಿ ನನಗೆ ನಾಚಿಕೆಯಾಯಿತು. ಕನ್ನಡದವರು ಅಂದರೆ ಇಷ್ಟೇನಾ ಅಂತ ಅನಿಸಬಾರದು.

ಹಸಿ ಕಸ ತೆಂಗಿನ ಬುಡಕ್ಕೆ. ಪ್ಲಾಸ್ಟಿಕ್ ಸುಡಬಾರದು, ದಂಡ ಬೀಳುತ್ತದೆ. ತೋಡಿಗೆ, ಹೊಳೆಗೆ ಕಸ ಎಸೆದರೆ 10,000ದಿಂದ 50,000 ರೂಪಾಯಿ ದಂಡ, ಜೈಲೂ ಇದೆ. ಮದುವೆ, ಉಪನಯನ ಮುಗಿಸಿ ರಾತ್ರಿ ಸುಮ್ನೆ ಸೇತುವೆ ಮೇಲಿಂದ ಚೀಲ ಬಿಡುವವರು ಇದನ್ನು ಎರಡು ಸಲ ಓದಿ.

ಸೊಳ್ಳೆ

ಭಾನುವಾರ ಮನೆಗಳಿಗೆ ಡ್ರೈ ಡೇ, ಅಂದರೆ ನಿಂತ ನೀರು ಚೆಲ್ಲುವ ದಿನ. ಶುಕ್ರವಾರ ಶಾಲೆಗಳಿಗೆ, ಶನಿವಾರ ಆಫೀಸುಗಳಿಗೆ. ಅಡಿಕೆ ಹಾಳೆ, ತೆಂಗಿನ ಗೆರಟೆ (ಚಿಪ್ಪು), ರಬ್ಬರ್ ಹಾಲು ಹಿಡಿಯುವ ಗೆರಟೆ, ಹಳೆ ಟೈರು, ಫ್ರಿಡ್ಜಿನ ಹಿಂದಿನ ತಟ್ಟೆ, ಹೂಕುಂಡದ ತಟ್ಟೆ ಎಲ್ಲ ಮಗುಚಿ ಹಾಕಿ. ಡೆಂಗಿ ಸೊಳ್ಳೆ ಮೊಟ್ಟೆಯಿಂದ ಹಾರುವ ತನಕ ಒಂದು ವಾರ, ಹತ್ತು ದಿನ ಸಾಕು. ಅದಕ್ಕೇ ವಾರಕ್ಕೊಮ್ಮೆ ಅನ್ನುವುದು. ಆಶಾ ಕಾರ್ಯಕರ್ತೆ ಬಂದು ಅಂಗಳ ನೋಡಿದರೆ ಕೋಪ ಮಾಡಬೇಡಿ.

ಬಾವಿ

ಕೆಸರು ನೀರು ನುಗ್ಗಿದರೆ ಬ್ಲೀಚಿಂಗ್ ಪೌಡರ್. ಮಾಮೂಲಿಗೆ 1000 ಲೀಟರಿಗೆ 2.5 ಗ್ರಾಂ, ನೆರೆ ನೀರು ಸೇರಿದ್ದರೆ 5 ಗ್ರಾಂ. ಬಕೆಟಿನಲ್ಲಿ ಕಲಸಿ, ತಳ ಕೂತ ಮೇಲೆ ಮೇಲಿನ ತಿಳಿ ಮಾತ್ರ ಬಾವಿಗೆ. ಒಂದು ಗಂಟೆ ಬಿಟ್ಟು ಬಳಸಿ. ಕುದಿಸಿಯೇ ಕುಡಿಯಿರಿ. ನೀರಿನ ಲೆಕ್ಕ ಹಾಕಲು ಬಾರದಿದ್ದರೆ ಆರೋಗ್ಯ ಕೇಂದ್ರದವರನ್ನು ಕರೆಯಿರಿ.

ಏನೇನು ಬೇಕು

ಹಾರೆ. ಕತ್ತಿ. ಪಿಕ್ಕಾಸು. ಬುಟ್ಟಿ. ಗಮ್ ಬೂಟು. ರಬ್ಬರ್ ಗ್ಲೌಸ್. ಟಾರ್ಚು. ಉಪ್ಪು ಬೇಡ, ಹಾವಿಗೆ ಉಪ್ಪು ಹಾಕಿದರೆ ಹೋಗುತ್ತದೆ ಅನ್ನುವುದು ಸುಳ್ಳು.

ಮೈಸೂರು, ಮಂಡ್ಯದವರಿಗೆ ಒಂದು ಮಾತು: ಇಲ್ಲಿ ಹಾರೆ ಅಂದರೆ ಮಣ್ಣು ಎಳೆಯುವ ಅಗಲ ಬಾಯಿಯದ್ದು, ನೀವು ಹೇಳುವ ಕಬ್ಬಿಣದ ಸಲಾಕೆ ಅಲ್ಲ. ಅಂಗಡಿಯವರು ಮಲಯಾಳದವರಾದರೆ ಕೈಕೋಟ್ಟ್ ಅಂತ ಕೇಳಿ.

ಕಾಲಿನಲ್ಲಿ ಗಾಯ ಇದ್ದರೆ ಕಣಿಗೆ ಇಳಿಯಬೇಡಿ. ಇಲಿ ಜ್ವರ ಬರುವುದು ಹಾಗೆಯೇ. ಕೊಳಕು ನೀರಿನಲ್ಲಿ ಕೆಲಸ ಮಾಡುವವರಿಗೆ ಆರೋಗ್ಯ ಕೇಂದ್ರದಲ್ಲಿ ಡಾಕ್ಸಿಸೈಕ್ಲಿನ್ ಮಾತ್ರೆ ಕೊಡುತ್ತಾರೆ, ಅವರನ್ನೇ ಕೇಳಿ ತೆಗೆದುಕೊಳ್ಳಿ, ಮೆಡಿಕಲ್ ಅಂಗಡಿಯಿಂದ ನೀವೇ ತರಬೇಡಿ. ಕೆಲಸ ಮುಗಿಸಿದ ಎರಡು ದಿನದಿಂದ ನಾಲ್ಕು ವಾರದ ಒಳಗೆ ಜ್ವರ, ಮೀನಖಂಡದಲ್ಲಿ ನೋವು ಬಂದರೆ ಪ್ಯಾರಸಿಟಮಾಲ್ ನುಂಗಿ ಮಲಗಬೇಡಿ. ಡಾಕ್ಟರಿಗೆ ಕಣಿಗೆ ಇಳಿದದ್ದನ್ನು ಹೇಳಿ.

ಭಾಷೆ

ವಾರ್ಡಿನ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲ ಮಲಯಾಳದಲ್ಲಿ ಬರುತ್ತದೆ, ಅದೂ ವಾಯ್ಸ್ ಮೆಸೇಜು. ಅರ್ಥವಾಗಲಿಲ್ಲ ಅಂತ ಗ್ರೂಪ್ ಬಿಟ್ಟು ಹೋಗಬೇಡಿ, ನಾನು ಹಾಗೆ ಮಾಡಿ ಒಂದು ಆರೆಂಜ್ ಅಲರ್ಟ್ ತಪ್ಪಿಸಿಕೊಂಡೆ. ಕನ್ನಡದಲ್ಲಿ ಒಂದು ಸಾಲು ಹಾಕಿ ಅಂತ ಕೇಳಿ, ಹಾಕುತ್ತಾರೆ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಕನ್ನಡ ಓದುವವರು ಪಂಚಾಯತಿನಲ್ಲೇ ಇದ್ದಾರೆ. ಅರ್ಜಿ ಕನ್ನಡದಲ್ಲೇ ಬರೆಯಿರಿ. ಭಾಷಾ ಅಲ್ಪಸಂಖ್ಯಾತರಿಗೆ ಆ ಹಕ್ಕು ಇದೆ, ಬಳಸದಿದ್ದರೆ ಬಾಡಿ ಹೋಗುತ್ತದೆ. 1956ರ ನವೆಂಬರ್ 1ರಿಂದ ಈ ನೆಲ ಕೇರಳದಲ್ಲಿದೆ, ಅದರ ನೋವು ಹಿರಿಯರಿಗೆ ಇನ್ನೂ ಇದೆ. ಆದರೆ ಅದೇ ನೋವಿಗೆ ದನಿಯಾದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಬದಿಯಡ್ಕ ಪಂಚಾಯತಿನ ಅಧ್ಯಕ್ಷರಾಗಿಯೂ ಇದ್ದವರು. ಕನ್ನಡದ ಕೆಲಸ ಬೇರೆ, ಪಂಚಾಯತಿನ ಕೆಲಸ ಬೇರೆ ಅಂತ ಅಂದುಕೊಂಡು ಗ್ರಾಮಸಭೆಯ ದಿನ ಮನೆಯಲ್ಲಿ ಟಿವಿ ನೋಡುವವರು ಇದನ್ನು ಸ್ವಲ್ಪ ಯೋಚಿಸಿ. ಗ್ರಾಮಸಭೆಗೆ ಬನ್ನಿ, ಮೋರಿ ಎಲ್ಲಿ ಒಡೆದಿದೆ ಅಂತ ಕನ್ನಡದಲ್ಲೇ ಹೇಳಿ.

ಸಂಘದ ಶ್ರಮದಾನ

ಪತ್ತನಾಜೆಗೆ ಮುಂಚಿನ ಭಾನುವಾರ, ಬೆಳಗ್ಗೆ ಏಳಕ್ಕೆ. ಶಾಲೆಯ ಗೇಟಿನಿಂದ ತೋಡಿನ ತನಕ. ಮನೆಗೊಬ್ಬರು ಬಂದರೆ ಸಾಕು, ಫೋಟೋ ತೆಗೆಯಲು ಮಾತ್ರ ಬರುವವರು ಬೇಡ. ಒಂಬತ್ತೂವರೆಗೆ ಸಜ್ಜಿಗೆ, ಅವಲಕ್ಕಿ, ಚಹಾ. ಸಜ್ಜಿಗೆ ಅಂದರೆ ಇಲ್ಲಿ ಖಾರದ ಉಪ್ಪಿಟ್ಟು, ಸಿಹಿ ಅಂತ ಕಾದು ಕೂತು ನಾನು ಮೊದಲ ವರ್ಷ ನಿರಾಸೆಗೊಂಡಿದ್ದೆ. ಹಾರೆ ನಿಮ್ಮದೇ ತನ್ನಿ. ಸಂಘದಲ್ಲಿ ಇರುವುದು ಮೂರು, ಅದರಲ್ಲಿ ಒಂದರ ಹಿಡಿ ಕಳೆದ ಆಟಿಯಿಂದ (ತುಳುವರ ಜುಲೈ-ಆಗಸ್ಟಿನ ತಿಂಗಳು) ಮುರಿದೇ ಇದೆ.