ಆಷಾಢದ ಛತ್ರದಲ್ಲಿ ಹೂವಿನ ಮರ: ಪೀಟರ್ ಸೆಲ್ಲರ್ಸ್ ಅವರಿಂದ ನಾನು ಕಲಿತದ್ದು

ಪೀಟರ್ ಸೆಲ್ಲರ್ಸ್ ಅಂದರೆ ನಮ್ಮಲ್ಲಿ ಜಾಸ್ತಿ ಜನಕ್ಕೆ ಗೊತ್ತಿರಲಿಕ್ಕಿಲ್ಲ. ಅಮೆರಿಕದ ನಾಟಕ ಮತ್ತು ಒಪೆರಾ ನಿರ್ದೇಶಕರು. ಒಪೆರಾ ಅಂದರೆ ಹಾಡಿನಲ್ಲೇ ಸಾಗುವ ಪಾಶ್ಚಾತ್ಯ ನಾಟಕ. ಅವರ ಹೆಸರಿನ ಹಿಂದೆಯೇ ಜಗಳವೂ ಬರುತ್ತದೆ. ಹದಿನೆಂಟನೇ ಶತಮಾನದ ಸಂಗೀತಗಾರ ಮೊಜಾರ್ಟನ ಒಪೆರಾವನ್ನು ನ್ಯೂಯಾರ್ಕಿನ ಟ್ರಂಪ್ ಟವರ್‌ಗೆ ಹತ್ತಿಸಿದವರು, ಗ್ರೀಕ್ ನಾಟಕವನ್ನು ಅಮೆರಿಕದ ಸೇನಾ ಕಚೇರಿ ಪೆಂಟಗಾನ್ ಬಾಗಿಲಿಗೆ ತಂದವರು ಅಂತ ಬೈದವರಿದ್ದಾರೆ, ಹೊಗಳಿದವರೂ ಇದ್ದಾರೆ. ಕನ್ನಡದವರಿಗೆ ಅವರು ಹತ್ತಿರವಾಗುವುದು ಬೇರೆ ಕಾರಣಕ್ಕೆ. ಹುಡುಗಿಯೊಬ್ಬಳು ಹೂವಿನ ಮರವಾಗುವ ನಮ್ಮ ಅಜ್ಜಿಕಥೆ ಇದೆಯಲ್ವಾ, ಅದನ್ನು ವಿಯೆನ್ನಾದ ರಂಗಕ್ಕೆ ಒಯ್ದವರು ಅವರು. ಮೈಸೂರಿನಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ ಕನ್ನಡದಲ್ಲಿ ಕೇಳಿ ಇಂಗ್ಲಿಷಿಗೆ ತಂದ ಕಥೆ ಅದು. ಅದನ್ನು ಆಧರಿಸಿ ಸಂಗೀತಗಾರ ಜಾನ್ ಆಡಮ್ಸ್ ಮತ್ತು ಸೆಲ್ಲರ್ಸ್ ಸೇರಿ ಒಪೆರಾ ಕಟ್ಟಿದರು. ಮೊಜಾರ್ಟ್ ಹುಟ್ಟಿ 250 ವರ್ಷ ತುಂಬಿದ 2006ರ ನವೆಂಬರ್‌ನಲ್ಲಿ ಅದು ಮೊದಲು ರಂಗಕ್ಕೆ ಬಂತು. ಹುಡುಗಿಯ ಹೆಸರು ಅಲ್ಲಿ ಕುಮುದಾ. ಜಾವಾದ ನರ್ತಕರು, ವೆನೆಜುವೆಲಾದ ಎಳೆಯ ವಾದ್ಯಗಾರರು, ಸ್ಪ್ಯಾನಿಷ್‌ನಲ್ಲಿ ಹಾಡುವ ಮೇಳ. ನಮ್ಮ ಕಥೆ ಎಲ್ಲಿಂದ ಎಲ್ಲಿಗೆ ಹೋಯಿತು ನೋಡಿ.

ಅದೇ ಕಥೆಯನ್ನು ನಮ್ಮ ಹವ್ಯಾಸಿ ತಂಡ ಮೈಸೂರಿನಲ್ಲಿ ನಾಟಕವಾಗಿ ಆಡಿತು. ನಿರ್ದೇಶನ ನನ್ನದು. ಸೆಲ್ಲರ್ಸ್ ಅವರ ಕೆಲಸವನ್ನು ವರ್ಷಗಟ್ಟಲೆ ಡಿವಿಡಿಯಲ್ಲಿ ನೋಡಿ ನೋಡಿ ಕಲಿತದ್ದನ್ನು ನಾನು ಎಲ್ಲಿ ಹೇಗೆ ಬಳಸಿದೆ ಅಂತ ಬರೆಯುತ್ತೇನೆ. ಸಣ್ಣ ಊರಿನಲ್ಲಿ ನಾಟಕ ಮಾಡುವ ಯಾರಿಗಾದರೂ ಉಪಯೋಗಕ್ಕೆ ಬಂದೀತು.

ಮೊದಲು ಅವರ ಹಾದಿಯ ಬಗ್ಗೆ ಸ್ವಲ್ಪ. 1957ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಹುಟ್ಟಿದರು. ಹತ್ತು ವರ್ಷದ ಹುಡುಗನಿದ್ದಾಗಲೇ ಊರಿನ ಗೊಂಬೆಯಾಟದ ತಂಡಕ್ಕೆ ಕೆಲಸ ಕಲಿಯಲು ಸೇರಿದರು. ಹಾರ್ವರ್ಡ್‌ನಲ್ಲಿ ಓದುವಾಗ ಶೇಕ್ಸ್‌ಪಿಯರನ ಆಂಟನಿ ಮತ್ತು ಕ್ಲಿಯೋಪಾತ್ರ ನಾಟಕವನ್ನು ಈಜುಕೊಳದಲ್ಲಿ ಆಡಿಸಿದರು. 1984ರಲ್ಲಿ, ಇನ್ನೂ 26 ವರ್ಷ, ವಾಷಿಂಗ್ಟನ್‌ನ ಕೆನಡಿ ಸೆಂಟರ್‌ನಲ್ಲಿ ಅಮೆರಿಕನ್ ನ್ಯಾಷನಲ್ ಥಿಯೇಟರ್‌ನ ಹೊಣೆ ಅವರಿಗೆ ಬಂತು. ಅಲ್ಲಿ 1986ರಲ್ಲಿ ಸೊಫೊಕ್ಲಿಸನ ಅಯಾಸ್ ನಾಟಕ ಮಾಡಿದರು. ಕಥೆ ನಡೆಯುವ ಜಾಗ ಪೆಂಟಗಾನ್. ಅಯಾಸ್ ಆಗಿ ನಿಂತವರು ಕಿವಿ ಕೇಳಿಸದ ನಟ ಹೋವಿ ಸೀಗೊ. ಆ ದಂಡನಾಯಕನ ಮಾತೆಲ್ಲ ಕೈಸನ್ನೆಯಲ್ಲಿ, ಉಳಿದವರು ಅದಕ್ಕೆ ದನಿ ಕೊಡಬೇಕು. ಅವನು ಮೊದಲು ಕಾಣಿಸುವುದೇ ರಕ್ತವಿದ್ದ ಪಾರದರ್ಶಕ ಪೆಟ್ಟಿಗೆಯೊಳಗೆ. ಎದ್ದು ಹೋದ ಪ್ರೇಕ್ಷಕರು ಬಹಳ. ಅದೇ ವರ್ಷ ಅವರು ಆ ಕೆಲಸವನ್ನೂ ಬಿಟ್ಟರು.

ಅದೇ ದಶಕದಲ್ಲಿ ನ್ಯೂಯಾರ್ಕ್ ಹತ್ತಿರದ ಪರ್ಚೇಸ್ ಎಂಬಲ್ಲಿನ ಬೇಸಿಗೆ ಉತ್ಸವಕ್ಕೆ ಮೊಜಾರ್ಟನ ಮೂರು ಒಪೆರಾ ಮಾಡಿದರು. ಫಿಗರೊ ಮದುವೆ ಟ್ರಂಪ್ ಟವರ್‌ನ 52ನೇ ಮಹಡಿಯಲ್ಲಿ. ಡಾನ್ ಜೊವಾನ್ನಿ ನ್ಯೂಯಾರ್ಕಿನದೇ ಹಾರ್ಲೆಮ್‌ನ ಬೀದಿಯಲ್ಲಿ. ಯಜಮಾನ ಮತ್ತು ಆಳಿನ ಪಾತ್ರಕ್ಕೆ ಅವಳಿ ಅಣ್ಣತಮ್ಮಂದಿರಾದ ಯೂಜೀನ್ ಮತ್ತು ಹರ್ಬರ್ಟ್ ಪೆರಿ. ಕೊಸಿ ಫಾನ್ ತುತ್ತೆ ಒಂದು ಸಾದಾ ಹೋಟೆಲಿನಲ್ಲಿ. ಇವನ್ನು ನೋಡಿದವರು ಬಟ್ಟೆ ನೋಡುತ್ತಾರೆ, ಕಟ್ಟಡ ನೋಡುತ್ತಾರೆ, ಹೊಡೆದಾಡುತ್ತಾರೆ. ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಹಾಡುವುದು ಇಟಾಲಿಯನ್‌ನಲ್ಲೇ. ಸಂಗೀತ ಹಾಗೇ ಇದೆ. ಎರಡು ಹಾಡಿನ ನಡುವೆ ಮಾತಿನಂತೆ ಸಾಗುವ ಉದ್ದುದ್ದ ಭಾಗಗಳನ್ನು ಬೇರೆಯವರು ಬೇಜಾರು ಅಂತ ಕತ್ತರಿಸುತ್ತಾರೆ. ಸೆಲ್ಲರ್ಸ್ ಅಲ್ಲೇ ನಿಲ್ಲುತ್ತಾರೆ, ಅಲ್ಲೇ ಇಬ್ಬರ ನಡುವಿನ ಮನಸ್ತಾಪವನ್ನು ಬಿಡಿಸಿ ತೋರಿಸುತ್ತಾರೆ. ಜಾಗ ಬದಲಾಗುತ್ತದೆ, ಮೂಲ ಇಡಿಯಾಗಿ ಉಳಿಯುತ್ತದೆ. ಕೆಣಕುವ ಶಕ್ತಿ ಬರುವುದು ಅಲ್ಲಿಂದ. ಹಳೆಯ ಮಾತು ಒಂದಕ್ಷರ ಬದಲಾಗದೆ ಇವತ್ತಿನ ಕೋಣೆಯಲ್ಲಿ ನಿಜವಾಗಿಬಿಟ್ಟರೆ ಕೂತವರಿಗೆ ತಪ್ಪಿಸಿಕೊಳ್ಳಲು ದಾರಿಯೇ ಇರುವುದಿಲ್ಲ.

ಅವರೇ ಇದನ್ನು ಬಿಟ್ಟ ಸಲವೂ ಇದೆ. 1990ರಲ್ಲಿ ಇಂಗ್ಲೆಂಡಿನ ಗ್ಲೈಂಡ್‌ಬೋರ್ನ್‌ನಲ್ಲಿ ಮೊಜಾರ್ಟನ ಮಾಯಾ ಕೊಳಲು (ಮ್ಯಾಜಿಕ್ ಫ್ಲೂಟ್) ಒಪೆರಾವನ್ನು ಲಾಸ್ ಏಂಜಲೀಸ್‌ನ ರಸ್ತೆಗಳಿಗೆ ಒಯ್ದರು, ನಡುವಿನ ಮಾತುಗಳನ್ನು ಪೂರ್ತಿ ತೆಗೆದರು. ಜನ ಕೂಗಿ ವಿರೋಧಿಸಿದರು. ಆರು ವರ್ಷದ ಮೇಲೆ ಅದೇ ಗ್ಲೈಂಡ್‌ಬೋರ್ನ್‌ನಲ್ಲಿ ಸಂಗೀತಗಾರ ಹ್ಯಾಂಡೆಲ್‌ನ ಥಿಯೊಡೊರಾ ಮಾಡಿದರು. ಅದನ್ನು ಇವತ್ತಿಗೂ ಜನ ಕೈಮುಗಿದು ನೆನೆಯುತ್ತಾರೆ. ರೋಮನ್ ಆಳ್ವಿಕೆಯಲ್ಲಿ ನಂಬಿಕೆಗಾಗಿ ಸಾಯುವ ಹೆಣ್ಣಿನ ಕಥೆ. ಸೆಲ್ಲರ್ಸ್ ಅದನ್ನು ಇವತ್ತಿನ ಅಮೆರಿಕಕ್ಕೆ ತಂದರು. ಕೊನೆಯಲ್ಲಿ ಅವಳನ್ನೂ ಅವಳ ಪ್ರಿಯಕರನನ್ನೂ ಆಸ್ಪತ್ರೆಯ ಮಂಚದಂಥ ಮೇಜಿಗೆ ಕಟ್ಟಿ ವಿಷದ ಸೂಜಿ ಚುಚ್ಚುತ್ತಾರೆ. ಅವರು ಮಲಗಿದಲ್ಲೇ ಹಾಡುತ್ತಾರೆ. ಆ ದೃಶ್ಯವನ್ನು ನಾನು ಎಷ್ಟು ಸಲ ನೋಡಿದ್ದೇನೋ.

ಥಿಯೊಡೊರಾದಿಂದ ನಾನು ಎರಡು ವಿಷಯ ಎತ್ತಿಕೊಂಡೆ. ಒಂದು, ಮೇಳದವರ ಕೈ. ಹಾಡುವ ಪ್ರತಿ ಸಾಲಿಗೂ ಅವರ ಕೈಗಳಿಗೆ ಒಂದು ಸರಳ ಚಲನೆ ಇದೆ. ಅದು ನೃತ್ಯವಲ್ಲ, ಅಭಿನಯವೂ ಅಲ್ಲ. ಮಾತು ಮೈಯಲ್ಲಿ ಇಳಿದಂತೆ ಕಾಣುತ್ತದೆ. ಇನ್ನೊಂದು, ಪುನರಾವರ್ತನೆ. ಹ್ಯಾಂಡೆಲ್‌ನ ಹಾಡಿನಲ್ಲಿ ಮೊದಲ ಭಾಗ ಕೊನೆಗೆ ಮತ್ತೆ ಬರುತ್ತದೆ, ಅದೇ ಮಾತು, ಅದೇ ರಾಗ. ಸೆಲ್ಲರ್ಸ್ ಕೈಯಲ್ಲಿ ಎರಡನೇ ಸಲ ಹಾಡುವ ಹೊತ್ತಿಗೆ ಪಾತ್ರ ಬೇರೆಯಾಗಿರುತ್ತದೆ. ಮೊದಲ ಸಲ ಬೇಡಿಕೊಂಡಿದ್ದವಳು ಎರಡನೇ ಸಲ ತೀರ್ಮಾನಿಸಿರುತ್ತಾಳೆ.

ಈಗ ನಮ್ಮ ಕಥೆಗೆ ಬರುತ್ತೇನೆ. ತಿ. ನರಸೀಪುರ ಕಡೆಯ ಒಬ್ಬ ಅಜ್ಜಿ ಹೇಳಿದ್ದನ್ನು ರೆಕಾರ್ಡ್ ಮಾಡಿಕೊಂಡು ಹಾಗೇ ಬರೆದಿಟ್ಟೆವು. ಆಕೆಯ "ಇದ್ಲಂತೆ, ಬಂದ್ಲಂತೆ" ಕೂಡ ಬಿಡಲಿಲ್ಲ. ಬಡ ತಾಯಿ, ಇಬ್ಬರು ಹೆಣ್ಣುಮಕ್ಕಳು. ಚಿಕ್ಕವಳು ಅಕ್ಕನಿಗೆ ಹೇಳುತ್ತಾಳೆ: ಉಗುರು ಸೋಕದ ಹಾಗೆ ಎರಡು ಕೊಡ ನೀರು ತಾ. ಒಂದು ಕೊಡ ಸುರಿದರೆ ಮರವಾಗುತ್ತೇನೆ. ರೆಂಬೆ ಮುರಿಯದೆ ಹೂ ಬಿಡಿಸಿಕೋ. ಇನ್ನೊಂದು ಕೊಡ ಸುರಿದರೆ ಮತ್ತೆ ಮನುಷ್ಯಳಾಗುತ್ತೇನೆ. ಆ ಹೂವನ್ನು ಅಕ್ಕತಂಗಿಯರು ಅರಮನೆಗೆ ಮಾರುತ್ತಾರೆ. ರಾಜಕುಮಾರ ಕದ್ದು ನೋಡಿ ಮದುವೆಯಾಗುತ್ತಾನೆ, ಮರವಾಗಿ ತೋರಿಸು ಅಂತ ಹಟ ಹಿಡಿಯುತ್ತಾನೆ. ನಾದಿನಿ ತೋಪಿಗೆ ಕರೆದುಕೊಂಡು ಹೋಗಿ ಗೆಳತಿಯರ ಮುಂದೆ ಮರವಾಗು ಅನ್ನುತ್ತಾಳೆ. ಆ ಹುಡುಗಿಯರು ರೆಂಬೆ ಮುರಿದು, ನೀರು ಬೇಕಾಬಿಟ್ಟಿ ಎರಚಿ, ಬಿಟ್ಟು ಓಡುತ್ತಾರೆ. ಅವಳು ಕೈಕಾಲಿಲ್ಲದ ಮೈಯಾಗಿ ಮೋರಿಯಲ್ಲಿ ಬೀಳುತ್ತಾಳೆ. ಕೊನೆಗೆ ಗಂಡ ಅವಳ ಗುರುತು ಹಿಡಿಯುತ್ತಾನೆ.

ನೀರಿನ ಆ ನಿಯಮವನ್ನು ಅಜ್ಜಿ ಪ್ರತಿ ಸಲವೂ ಪೂರ್ತಿ ಹೇಳುತ್ತಾರೆ. ರೀಡಿಂಗ್‌ಗೆ ಕೂತಾಗ ತಂಡದವರು ಒಂದು ಸಲ ಸಾಕು, ಆಮೇಲೆ ಜನಕ್ಕೆ ಗೊತ್ತಿರುತ್ತಲ್ಲ ಅಂದರು. ನಾನು ಒಂದನ್ನೂ ಬಿಡಬೇಡಿ ಅಂದೆ. ಇಡೀ ನಾಟಕ ನಿಂತಿರುವುದು ಆ ಸಾಲುಗಳ ಮೇಲೆ. ಅಕ್ಕನಿಗೆ ಹೇಳುವಾಗ ಅದು ನಂಬಿಕೆ. ಗಂಡನಿಗೆ ಹೇಳುವಾಗ ನಾಚಿಕೆ, ಸ್ವಲ್ಪ ಬೇಸರ. ನಾದಿನಿಯ ಗೆಳತಿಯರಿಗೆ ಹೇಳುವಾಗ ಅಂಗಲಾಚುವುದು. ಅವರು ಕೇಳಿಸಿಕೊಳ್ಳುತ್ತಿಲ್ಲ ಅಂತ ಅವಳಿಗೆ ಗೊತ್ತು, ಆದರೂ ಮಾತು ತಪ್ಪದೆ ಹೇಳುತ್ತಾಳೆ. ಕೊನೆಯಲ್ಲಿ ಗುರುತು ಹಿಡಿದ ಗಂಡನಿಗೆ ಹೇಳುವಾಗ ಅದು ಅಪ್ಪಣೆ. ಒಂದೇ ಮಾತು. ನಟಿಗೆ ನಾನು ಧಾಟಿ ಹೇಳಿಕೊಡಲಿಲ್ಲ. ಪ್ರತಿ ಸಲ ಎದುರಿಗೆ ಯಾರು ಕೂತಿದ್ದಾರೆ ಅಂತ ಮಾತ್ರ ನೋಡು ಅಂದೆ.

ಕೈಯ ಕೆಲಸಕ್ಕೆ ಹೆಚ್ಚು ತಾಲೀಮು ಬೇಕಾಯಿತು. ಎಲ್ಲರನ್ನೂ ಜಮಖಾನದ ಮೇಲೆ ಕೂರಿಸಿ, ಸಾಲು ಹೇಳುತ್ತಾ ಬರೀ ಕೈ ಆಡಿಸಿ ಅಂದೆ. ಭರತನಾಟ್ಯ ಕಲಿತ ಹುಡುಗಿಯ ಕೈ ತಾನಾಗೇ ಮುದ್ರೆಗೆ ಹೋಗುತ್ತಿತ್ತು. ಹೂ ಅಂದರೆ ಹೂವಿನ ಮುದ್ರೆ. ಅದನ್ನು ಬಿಡಿಸಲು ಅವಳ ಕೈಗೆ ನಿಜವಾದ ತಾಮ್ರದ ಕೊಡ ಕೊಟ್ಟೆ, ಅದರ ತುಂಬ ನೀರು. ಉಗುರು ಸೋಕದ ಹಾಗೆ ಹಿಡಿ ಅಂದೆ. ಬಾಯಿಯ ಅಂಚು ಹಿಡಿದರೆ ಉಗುರು ನೀರಿಗೆ ತಾಗುತ್ತದೆ. ಆದ್ದರಿಂದ ಒಂದು ಅಂಗೈ ತಳಕ್ಕೆ, ಇನ್ನೊಂದು ಹೊಟ್ಟೆಗೆ, ಬೆರಳೆಲ್ಲ ಹೊರಕ್ಕೆ ಚಾಚಿರಬೇಕು. ತುಂಬಿದ ಕೊಡವನ್ನು ಹಾಗೆ ಎತ್ತಿದರೆ ತೋಳು ನಡುಗುತ್ತದೆ, ಉಸಿರು ನಿಧಾನವಾಗುತ್ತದೆ. ನಮಗೆ ಬೇಕಿದ್ದ ಚಲನೆ ಸಿಕ್ಕಿದ್ದು ಅಲ್ಲೇ. ಆಮೇಲೆ ಕೊಡ ತೆಗೆದುಬಿಟ್ಟರೂ ಮೈಗೆ ಆ ಭಾರ ನೆನಪಿತ್ತು. ಮೇಳದ ಎಲ್ಲರೂ ಅದನ್ನೇ ಕಲಿತರು. ಕಥೆಯಲ್ಲಿ ಯಾರು ಅವಳನ್ನು ಪ್ರೀತಿಯಿಂದ ನೋಡುತ್ತಾರೋ ಅವರ ಕೈ ಹಾಗೆ ನಿಲ್ಲುತ್ತದೆ.

ಜಾಗದ ವಿಷಯಕ್ಕೆ ತುಂಬ ಯೋಚಿಸಿದೆ. ಹೂ, ಹೆಣ್ಣು, ನೋಡುವ ಜನ, ಈ ಮೂರೂ ಇವತ್ತು ಒಟ್ಟಿಗೆ ಸೇರುವುದು ಎಲ್ಲಿ? ಮದುವೆ ಛತ್ರದಲ್ಲಿ. ಆಷಾಢದಲ್ಲಿ ಮದುವೆ ಇಲ್ಲ, ಛತ್ರ ಖಾಲಿ, ಬಾಡಿಗೆಯೂ ಕಡಿಮೆ. ಪ್ರೇಕ್ಷಕರು ಬಾಗಿಲಲ್ಲಿ ಪನ್ನೀರು ಹಾಕಿಸಿಕೊಂಡು ಒಳಗೆ ಬಂದರು, ಮದುವೆಗೆ ಬಂದವರ ಹಾಗೇ ಕುರ್ಚಿಯಲ್ಲಿ ಕೂತರು. ಅರಮನೆ ಕಟ್ಟುವ ಅಗತ್ಯವೇ ಬರಲಿಲ್ಲ. ಹುಡುಗಿ ಮರವಾಗುವುದು ಅಡುಗೆಮನೆಯ ದೊಡ್ಡ ಕೊಪ್ಪರಿಗೆಯೊಳಗೆ ನಿಂತು. ನೀರು ಅವಳ ಭುಜದಿಂದ ಇಳಿದು ಹಿತ್ತಾಳೆಗೆ ಬೀಳುವ ಸದ್ದೇ ನಮ್ಮ ಸಂಗೀತ. ಮರದ ವೇಷ ಹಾಕಲಿಲ್ಲ. ಮೇಳದವರು ಸೇವಂತಿಗೆ, ಕನಕಾಂಬರ ತಂದು ಅವಳ ಕಾಲ ಬಳಿ ಸುರಿದರು, ಅಷ್ಟೇ.

ತೋಪಿನ ದೃಶ್ಯ ಕೆಲವರಿಗೆ ಸಹಿಸಲು ಆಗಲಿಲ್ಲ. ನಾದಿನಿಯ ಗೆಳತಿಯರು ಪ್ರೇಕ್ಷಕರ ನಡುವಿನಿಂದಲೇ ಎದ್ದು ಬರುತ್ತಾರೆ. ಕೈಯಲ್ಲಿ ಮೊಬೈಲ್. ಮರವಾಗು ಅನ್ನುತ್ತಾ ವಿಡಿಯೊ ಮಾಡುತ್ತಾರೆ, ಪ್ಲಾಸ್ಟಿಕ್ ಬಾಟಲಿಯಿಂದ ನೀರು ಚಿಮ್ಮಿಸುತ್ತಾರೆ. ಮಾತು ಮಾತ್ರ ಅಜ್ಜಿಯದ್ದೇ, ಒಂದೂ ಸೇರಿಸಿಲ್ಲ. ಕೆಲವರು ಎದ್ದು ಹೋದರು. ಹಿರಿಯರೊಬ್ಬರು ಮಕ್ಕಳ ಕಥೆಯನ್ನು ಹೊಲಸು ಮಾಡಿದಿರಿ ಅಂದರು. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಒಬ್ಬ ಹೆಣ್ಣನ್ನು ಗುಂಪು ಸೇರಿ ಮುರಿದು ಮೋರಿಗೆ ಎಸೆಯುವುದು ಕಥೆಯಲ್ಲೇ ಇದೆ. ನಮ್ಮ ಅಜ್ಜಿಯರು ಅದನ್ನು ಮುಚ್ಚಿಡದೆ ಹೇಳಿದ್ದಾರೆ. ಸುಮ್ನೆ ಬಣ್ಣ ಹಚ್ಚಿ ಚೆಂದ ಮಾಡಿದರೆ ಅವರಿಗೆ ಅನ್ಯಾಯ.

ಸೆಲ್ಲರ್ಸ್ ಪ್ರೇಕ್ಷಕರನ್ನು ಕೆಣಕಿ ಹಾಗೇ ಮನೆಗೆ ಕಳಿಸುವವರಲ್ಲ. ಯೂರಿಪಿಡೀಸನ ಹೆರಾಕ್ಲಿಸನ ಮಕ್ಕಳು ನಾಟಕವನ್ನು ಅವರು 2002ರಿಂದ ಬೇರೆ ಬೇರೆ ಊರುಗಳಲ್ಲಿ ಮಾಡಿದಾಗ ಆಯಾ ಊರಿನ ನಿರಾಶ್ರಿತ ಮಕ್ಕಳೇ ರಂಗದ ಮೇಲೆ ಕೂತಿದ್ದರು. ನಾಟಕಕ್ಕೆ ಮೊದಲು ನಿರಾಶ್ರಿತರ ಜೊತೆ ಮಾತುಕತೆ ಇರುತ್ತಿತ್ತು. ನಾವು ದೇವರಾಜ ಮಾರುಕಟ್ಟೆಯಲ್ಲಿ ಹೂ ಮಾರುವ ಹೆಂಗಸರನ್ನು ಕರೆದೆವು. ನಾಟಕಕ್ಕೆ ಮೊದಲು ಅವರು ಮುಂದಿನ ಸಾಲಿನಲ್ಲಿ ಕೂತು ಹೂ ಕಟ್ಟುತ್ತಾ ತಮ್ಮ ದಿನ ಹೇಗೆ ಶುರುವಾಗುತ್ತೆ, ಉಳಿದ ಹೂವಿಗೆ ಏನಾಗುತ್ತೆ ಅಂತ ಹೇಳಿದರು. ಅವರ ಸಮಯಕ್ಕೆ ಕೂಲಿ ಕೊಟ್ಟೆವು. ಅದು ನಾಟಕದ ಖರ್ಚಿನಲ್ಲೇ ಸೇರಿರಬೇಕು ಅನ್ನುವುದು ನನ್ನ ಹಟ.

ಊಟದ ಹಾಲಿನಲ್ಲಿ ಉಪ್ಪಿಟ್ಟು, ಕಾಫಿಯ ಜೊತೆ ಚರ್ಚೆ ನಡೆಯಿತು. ಕಾಲೇಜಿನವರು ಹೆಣ್ಣು, ಪ್ರಕೃತಿ ಅಂತ ದೊಡ್ಡ ಮಾತು ಶುರು ಮಾಡಿದ್ದರು. ಹೂವಿನವರಲ್ಲಿ ಒಬ್ಬಾಕೆ ಕೇಳಿದ್ದು, ಅರಮನೆಯವರು ಅಕ್ಕನಿಗೆ ಬೊಗಸೆ ದುಡ್ಡು ಕೊಟ್ಟರಲ್ಲ, ಅದರಲ್ಲಿ ಮರವಾದವಳಿಗೆ ಎಷ್ಟು ಸಿಕ್ಕಿತು ಅಂತ. ನಾನು ಅಷ್ಟು ದಿನ ಕಥೆಯೊಳಗೇ ಇದ್ದರೂ ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಮುಂದಿನ ಪ್ರದರ್ಶನದಿಂದ ಆ ದೃಶ್ಯದಲ್ಲಿ ಅಕ್ಕ ದುಡ್ಡನ್ನು ತಂಗಿಯ ಎದುರು ನೆಲದ ಮೇಲೆ ಎಣಿಸುತ್ತಾಳೆ. ಮಾತಿಲ್ಲ. ತಂಗಿ ಒದ್ದೆ ಬಟ್ಟೆಯಲ್ಲಿ ನೋಡುತ್ತಾ ನಿಂತಿರುತ್ತಾಳೆ.

ನೀವು ಸೆಲ್ಲರ್ಸ್ ಕೆಲಸ ನೋಡುವುದಾದರೆ ಥಿಯೊಡೊರಾದಿಂದ ಶುರು ಮಾಡಿ, ಆಮೇಲೆ ಫಿಗರೊ. ಕಥೆಯ ಪುಸ್ತಕ ಓದಿದ್ದರೂ ಒಬ್ಬ ಅಜ್ಜಿಯ ಬಾಯಲ್ಲಿ ಕೇಳಿ, ಅವರು ಎಲ್ಲಿ ನಿಲ್ಲಿಸಿ ಉಸಿರು ತೆಗೆದುಕೊಳ್ಳುತ್ತಾರೆ ಅಂತ ಗುರುತು ಮಾಡಿಕೊಳ್ಳಿ. ಛತ್ರದಲ್ಲಿ ಆಡುವುದಾದರೆ ಮುಂಗಡ ಕೊಡುವ ಮೊದಲು ನೀರು ಹೊರಗೆ ಹೋಗುವ ದಾರಿ ನೋಡಿ, ಮೈಕಿನ ವೈರುಗಳನ್ನು ಗೋಡೆಯ ಎತ್ತರಕ್ಕೆ ಕಟ್ಟಿಸಿ. ಒದ್ದೆ ನೆಲದಲ್ಲಿ ನಟರು ಬರಿಗಾಲಲ್ಲಿ ಓಡಬೇಕಾದ್ದರಿಂದ ತೋಪಿನ ದೃಶ್ಯದ ಜಾಗಕ್ಕೆ ಗೋಣಿತಾಟು ಹಾಸುವುದು ಒಳ್ಳೆಯದು.